ಹಾಲ್ ಒಳಗೆ ಕೂಗುವವನು, ಹಾಲ್ ಹೊರಗೆ ಕೂಗುವವನು

ಫೋನ್ ತೆಗೆದು ಸ್ಟ್ಯಾಂಡಪ್ ಕಾಮಿಡಿ ಎಂದು ಹುಡುಕಿ ನೋಡಿ. ಜೋಕ್ ಕಡಿಮೆ, ಜಗಳ ಜಾಸ್ತಿ ಸಿಗುತ್ತದೆ. ಮುಂದಿನ ಸಾಲಿನಲ್ಲಿ ಕೂತವನೊಬ್ಬ ಏನೋ ಕೂಗುತ್ತಾನೆ. ಮೈಕ್ ಹಿಡಿದವನು ಅವನ ಕೆಲಸ, ಕೂದಲು, ಪಕ್ಕದಲ್ಲಿ ಕೂತ ಹುಡುಗಿ, ಹೀಗೆ ಒಂದನ್ನೂ ಬಿಡದೆ ಕಾಲೆಳೆಯುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ವಿಡಿಯೊ ಮೇಲೆ ದಪ್ಪಕ್ಷರದಲ್ಲಿ 'ಹೆಕ್ಲರ್‌ಗೆ ಚಳಿ ಬಿಡಿಸಿದ ಕಾಮಿಡಿಯನ್' ಎಂದು ಬರೆದಿರುತ್ತದೆ. ಹೆಕ್ಲರ್ ಎಂದರೆ ಶೋ ನಡುವೆ ಹೀಗೆ ಅಡ್ಡಬಾಯಿ ಹಾಕುವವನು. ನಲವತ್ತು ಸೆಕೆಂಡಿಗೆ ಮುಗಿಯಿತು. ಬೆರಳಾಡಿಸಿದರೆ ಮುಂದಿನದೂ ಅದೇ.

ಇದನ್ನೇ ನೋಡುತ್ತಾ ಕೂತರೆ, ಕಾಮಿಡಿಯನ್‌ಗಳ ದೊಡ್ಡ ತಲೆನೋವು ಮೂರನೇ ಸಾಲಿನ ಕುಡುಕ ಎಂದು ಅನಿಸುವುದು ಸಹಜ. ಆದರೆ ಈ ಕೆಲಸದಲ್ಲಿ ನಾಲ್ಕು ವರ್ಷ ಸವೆಸಿದ ಯಾರನ್ನೇ ಕೇಳಿ, ಆ ಕುಡುಕನ ಬಗ್ಗೆ ಅವರಿಗೆ ಅಂಥ ಕೋಪವೇನೂ ಇರುವುದಿಲ್ಲ. ಅವನನ್ನು ಸಂಭಾಳಿಸಲು ಬೇಕಾದದ್ದೆಲ್ಲ ವೇದಿಕೆಯ ಮೇಲೇ ಇದೆ. ಮೈಕ್ ಇದೆ, ಲೈಟ್ ಇದೆ, ದುಡ್ಡು ಕೊಟ್ಟು ಬಂದ ಉಳಿದ ಜನರ ಬೆಂಬಲ ಇದೆ. ಈಚೆಗೆ ಬದಲಾಗಿರುವುದು ಬೇರೆ ಎರಡು ಸಂಗತಿ. ಅಡ್ಡಬಾಯಿ ಹಾಕುವವನೇ ಈಗ ಮಾರಾಟದ ಸರಕಾಗಿದ್ದಾನೆ. ಮತ್ತು ಶೋ ನಿಲ್ಲಿಸುವಷ್ಟು ಗಟ್ಟಿಯಾಗಿ ಕೂಗುವವನು ಟಿಕೆಟ್ ತಗೊಂಡು ಒಳಗೆ ಬರುವುದನ್ನೇ ಬಿಟ್ಟಿದ್ದಾನೆ.

ಮೊದಲು ಒಳಗಿನವನನ್ನು ನೋಡೋಣ.

ಜೋಕಿಗೆ ಎರಡು ಭಾಗ. ಕಥೆ ಕಟ್ಟುವ ಸೆಟಪ್ ಮತ್ತು ಕೊನೆಗೆ ನಗಿಸುವ ಪಂಚ್. ಸೆಟಪ್ ನಡೆಯುವಾಗ ನಗು ಇರುವುದಿಲ್ಲ. ಇಪ್ಪತ್ತು ಮೂವತ್ತು ಸೆಕೆಂಡ್ ಜನ ಸುಮ್ನೆ ಕೇಳಬೇಕು. ಕಾಮಿಡಿಯನ್ ಆಗ ಸಾಲ ಮಾಡುತ್ತಿರುತ್ತಾನೆ, ಪಂಚ್‌ನಲ್ಲಿ ತೀರಿಸುತ್ತಾನೆ. ಕೂಗುವವನಿಗೆ ಜಾಗ ಸಿಗುವುದು ಈ ಸೆಟಪ್ಪಿನಲ್ಲೇ, ಯಾಕೆಂದರೆ ಹಾಲ್ ನಗುತ್ತಿರುವಾಗ ಅವನು ಬಾಯಿ ಬಿಟ್ಟರೂ ಯಾರಿಗೂ ಕೇಳಿಸದು. ಹಾಗಾಗಿ ಅವನು ಹಾಳು ಮಾಡುವುದು ಬರೀ ಮೂರು ಸೆಕೆಂಡನ್ನಲ್ಲ, ಅಷ್ಟು ಹೊತ್ತು ಕಟ್ಟಿದ್ದನ್ನೆಲ್ಲ. ಮತ್ತೆ ಮೊದಲಿಂದ ಶುರುಮಾಡಲು ಆಗುವುದಿಲ್ಲ, ಅರ್ಧ ಜೋಕ್ ಜನಕ್ಕೆ ಆಗಲೇ ಗೊತ್ತಾಗಿಬಿಟ್ಟಿರುತ್ತದೆ.

ಬೆಂಗಳೂರಿನ ಅರವತ್ತು ಕುರ್ಚಿಯ ಒಂದು ಕೋಣೆ ಎಂದುಕೊಳ್ಳಿ. ಕನ್ನಡ ಶೋ. ವೇದಿಕೆಯಲ್ಲಿರುವ ಹುಡುಗ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ಬರುವ ಕಥೆ ಹೇಳುತ್ತಿದ್ದಾನೆ. ಟ್ಯಾಂಕರ್ ಗೇಟಿನ ಹತ್ತಿರ ಬಂದಿದೆ, ಸೆಕ್ರೆಟರಿ ಲುಂಗಿಯಲ್ಲೇ ಇಳಿದು ಓಡಿ ಬಂದಿದ್ದಾರೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು: "ಗುರು, ಹಳೇ ಜೋಕು!"

ಹೊಸಬನಾದರೆ ಇಲ್ಲಿ ಎರಡು ತಪ್ಪು ಮಾಡುತ್ತಾನೆ. ಒಂದೋ ಕೇಳಿಸಲೇ ಇಲ್ಲ ಎನ್ನುವ ಹಾಗೆ ಮುಂದುವರಿಯುತ್ತಾನೆ. ಆದರೆ ಅರವತ್ತು ಜನಕ್ಕೂ ಕೇಳಿಸಿದೆ, ಅವರೀಗ ಟ್ಯಾಂಕರ್ ಮರೆತು ಇವನ ಮುಖ ನೋಡುತ್ತಿದ್ದಾರೆ. ಇಲ್ಲಾ, ಒಂದೇ ಏಟಿಗೆ ಅಪ್ಪ ಅಮ್ಮನವರೆಗೂ ಹೋಗುತ್ತಾನೆ. ಆಗ ಜನರ ಮನಸ್ಸು ಕೂಗಿದವನ ಕಡೆ ವಾಲುತ್ತದೆ. ಪಾಪ, ಅವನೇನು ಅಂಥ ದೊಡ್ಡದು ಅಂದ?

ಪಳಗಿದವನು ಮಾಡುವುದೇ ಬೇರೆ. ಮೊದಲು ಆ ಮಾತನ್ನು ಮೈಕಿನಲ್ಲಿ ಮತ್ತೆ ಹೇಳುತ್ತಾನೆ. "ಹಳೇ ಜೋಕಾ ಸರ್?" ಇದರಿಂದ ಕೇಳಿಸಿಕೊಳ್ಳದ ಮೂಲೆಯವರಿಗೂ ವಿಷಯ ಗೊತ್ತಾಗುತ್ತದೆ. ಕೂಗಿದವರಿಗೆ ತಮ್ಮ ಮಾತೇ ದೊಡ್ಡದಾಗಿ ವಾಪಸ್ ಕೇಳಿಸಿ ಸ್ವಲ್ಪ ನಾಚಿಕೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇವನಿಗೆ ಯೋಚಿಸಲು ಮೂರು ಸೆಕೆಂಡ್ ಸಿಗುತ್ತದೆ. ಆಮೇಲೆ ಬೈಗುಳದ ಬದಲು ಪ್ರಶ್ನೆ ಹಾಕುತ್ತಾನೆ.

"ಎಲ್ಲಿ ಕೇಳಿದ್ರಿ ಸರ್?"

"ವಾಟ್ಸಾಪಲ್ಲಿ."

"ಯಾರು ಕಳ್ಸಿದ್ದು?"

"ನಮ್ಮ ಮಾವ."

"ಮಾವ ಕಳ್ಸಿದ ಫಾರ್ವರ್ಡ್ ಪೂರ್ತಿ ಓದಿದೀರಾ? ಎಲ್ರೂ ಚಪ್ಪಾಳೆ ಹೊಡೀರಿ, ಇಂಥ ಅಳಿಯ ಸಿಗಲ್ಲ."

ಹಾಲ್ ನಗುತ್ತದೆ, ಸರ್ ಕೂಡ ನಗುತ್ತಾರೆ. ನಗು ಇಳಿಯುವ ಮೊದಲೇ ಅವನು ವಾಪಸ್ ಹೊರಡುತ್ತಾನೆ. "ಸರಿ ಸರ್, ಸೆಕ್ರೆಟರಿ ಇನ್ನೂ ಲುಂಗೀಲಿ ಗೇಟ್ ಹತ್ರಾನೇ ನಿಂತಿದಾರೆ, ಅವರನ್ನ ಒಳಗೆ ಕಳ್ಸೋಣ." ಗಮನಿಸಿ, ಇಲ್ಲಿ ಗೆದ್ದದ್ದು ಚುರುಕಾದ ಉತ್ತರ ಮಾತ್ರ ಅಲ್ಲ. ಅವನು ಬೇಗ ಬಿಟ್ಟ. ಕೂಗಿದವರಿಗೆ ಇನ್ನೊಂದು ಮಾತಿಗೆ ಅವಕಾಶ ಕೊಡದೆ, ಅವಮಾನವನ್ನೂ ಮಾಡದೆ, ಟ್ಯಾಂಕರಿಗೆ ಮರಳಿದ. ರೀಲ್‌ಗಳಲ್ಲಿ ಕಾಣದ ಕಸುಬು ಇದೇ. ಬಾಯಿ ಮುಚ್ಚಿಸುವುದು ಸುಲಭ, ಕೆಟ್ಟ ಮೂಡ್ ಆಗದ ಹಾಗೆ ಕಥೆಗೆ ವಾಪಸ್ ಬರುವುದು ಕಷ್ಟ.

ಅಡ್ಡಬಾಯಿ ಹಾಕುವವರೆಲ್ಲ ಒಂದೇ ಜಾತಿಯವರಲ್ಲ. ಕುಡಿದವರು ಸುಲಭ, ಎರಡು ಸಲ ಮಾತಾಡಲು ಬಿಟ್ಟರೆ ಅವರ ಟೇಬಲ್ಲಿನವರೇ ಸುಮ್ಮನಾಗಿಸುತ್ತಾರೆ. ಬರ್ತ್‌ಡೇಗೆ ಬಂದ ಹದಿನೈದು ಜನರ ಗುಂಪು ಕಷ್ಟ, ಅವರಿಗೆ ಅವರದೇ ಶೋ ನಡೆಯುತ್ತಿರುತ್ತದೆ. ಪಂಚ್ ಬಾಯಿಪಾಠ ಮಾಡಿಕೊಂಡು ಬಂದು ಮೊದಲೇ ಹೇಳಿಬಿಡುವ ಅಭಿಮಾನಿಯ ಮೇಲೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ. ತಾನು ಶೋಗೆ ಸಹಾಯ ಮಾಡುತ್ತಿದ್ದೇನೆ ಎಂದು ನಿಜವಾಗಿ ನಂಬಿರುವವರೂ ಇದ್ದಾರೆ. ಶೋ ಮುಗಿದ ಮೇಲೆ ಬಂದು ಕೈ ಕುಲುಕಿ "ಹೆಂಗೆ ಮಜಾ ಬಂತು ಅಲ್ವಾ ನಾನು ಹೇಳಿದ್ದು" ಅನ್ನುವವರು ಇವರೇ.

ಕೋಣೆಯದ್ದೂ ಪಾಲಿದೆ. ತಗ್ಗು ಸೂರು, ಒತ್ತೊತ್ತಾಗಿ ಹಾಕಿದ ಕುರ್ಚಿ, ಜನರ ಮೇಲೆ ಕತ್ತಲು, ವೇದಿಕೆಯ ಮೇಲೊಂದೇ ಲೈಟ್ ಇದ್ದರೆ ಅರ್ಧ ಕೆಲಸ ಆದಂತೆ. ಒಳ್ಳೆಯ ಹೋಸ್ಟ್ ಮೊದಲ ಹತ್ತು ನಿಮಿಷದಲ್ಲೇ ಮಾತಿನ ಚಟ ಇರುವವರನ್ನು ಪತ್ತೆ ಹಚ್ಚಿ ಅವರ ತೆವಲು ತೀರಿಸಿಬಿಡುತ್ತಾನೆ, ಮುಂದೆ ಬರುವವರ ದಾರಿ ಸುಗಮ. ಇದೆಲ್ಲ ಇಲ್ಲದ ಬ್ರೂವರಿಯಲ್ಲಿ, ಗೋಡೆಯ ಟಿವಿಯಲ್ಲಿ ಆರ್‌ಸಿಬಿ ಮ್ಯಾಚ್ ಓಡುತ್ತಿರುವಾಗ ಹೊಸಬರೂ ಬಂದು ಮೈಕ್ ಹಿಡಿಯುವ ಓಪನ್ ಮೈಕ್ ಇಟ್ಟರೆ ಏನಾಗುತ್ತದೆ? ಅಲ್ಲಿ ಜನ ಬಂದಿರುವುದು ಊಟಕ್ಕೆ. ಅವರ ಮಾತಿಗೆ ಅಡ್ಡಬಾಯಿ ಹಾಕುತ್ತಿರುವವನು ಮೈಕ್ ಹಿಡಿದವನೇ. ಅಂಥ ಕಡೆ ಪ್ರೇಕ್ಷಕರನ್ನು ಬೈಯುವ ಕಾಮಿಡಿಯನ್‌ಗಳ ಬಗ್ಗೆ ನನಗೆ ಅಷ್ಟೇನೂ ಕನಿಕರವಿಲ್ಲ.

ಉತ್ತರವೇ ಕೈ ಕಚ್ಚಿದಾಗ

ಕೂಗಿಗಿಂತ ಉತ್ತರ ದೊಡ್ಡದಾದರೆ ಏನಾಗುತ್ತದೆ ಎನ್ನುವುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಟಿವಿ ನಟ ಮೈಕೆಲ್ ರಿಚರ್ಡ್ಸ್. 2006ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಬಳಿಯ ಲಾಫ್ ಫ್ಯಾಕ್ಟರಿ ಕ್ಲಬ್ಬಿನಲ್ಲಿ ಕೆಲವರು ಗಲಾಟೆ ಮಾಡಿದರು. ಈತ ಅವರ ಚರ್ಮದ ಬಣ್ಣ ಹಿಡಿದು, ಕಪ್ಪು ಜನರನ್ನು ಹೀನಾಯವಾಗಿ ಬೈಯುವ ಪದವನ್ನೇ ಮತ್ತೆ ಮತ್ತೆ ಕಿರುಚಿದ. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಟಿವಿಯಲ್ಲಿ ಕ್ಷಮೆ ಕೇಳಿದರೂ ಮರುವರ್ಷ ಸ್ಟ್ಯಾಂಡಪ್ ಬಿಡಬೇಕಾಯಿತು. ಗಲಾಟೆ ಮಾಡಿದವರು ಏನಂದರು ಎಂದು ಇವತ್ತು ಯಾರಿಗೂ ನೆನಪಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು. 2025ರ ಏಪ್ರಿಲ್ 25ರಂದು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸೋನು ನಿಗಮ್ ಹಾಡುತ್ತಿದ್ದರು. ಅವರು ಕಾಮಿಡಿಯನ್ ಅಲ್ಲ ನಿಜ, ಆದರೆ ಎದುರಾದದ್ದು ಇದೇ ಪರಿಸ್ಥಿತಿ. ಒಬ್ಬ ಹುಡುಗ 'ಕನ್ನಡ, ಕನ್ನಡ' ಎಂದು ಕೂಗಿದ. ಒರಟಾಗಿ ಕೂಗಿದ ಎನ್ನುವುದು ಗಾಯಕರ ದೂರು. ಅವರು ಆ ಹುಡುಗ ಹುಟ್ಟುವ ಮೊದಲಿನಿಂದ ಕನ್ನಡದಲ್ಲಿ ಹಾಡುತ್ತಿದ್ದೇನೆ ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಮುಂದುವರಿದು, ಪಹಲ್ಗಾಮ್‌ನಲ್ಲಿ ಆಗಿದ್ದಕ್ಕೆ ಇದೇ ಕಾರಣ ಎಂಬರ್ಥದ ಮಾತಾಡಿದರು. ಅಲ್ಲಿ ಉಗ್ರರ ದಾಳಿ ನಡೆದು ಆಗ ಮೂರೇ ದಿನ. ಪೊಲೀಸ್ ಕೇಸಾಯಿತು, ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಘೋಷಿಸಿತು, ಕೊನೆಗೆ ಅವರು ಕರ್ನಾಟಕದ ಕ್ಷಮೆ ಕೇಳಿದರು. ಕೇಸಿನಲ್ಲಿ ಹೈಕೋರ್ಟಿಗೆ ಹೋಗಿ ರಕ್ಷಣೆ ಪಡೆಯಬೇಕಾಯಿತು.

ಒಬ್ಬ ಕೂಗಿದ್ದಕ್ಕೆ ಒಂದಿಡೀ ಸಮುದಾಯಕ್ಕೆ ಉತ್ತರ ಕೊಟ್ಟರೆ ಕಥೆ ಮುಗಿದಂತೆ. ಹಳಬರು ಇದನ್ನು ಬೇರೆ ರೀತಿ ಹೇಳುತ್ತಾರೆ: ಮಾತಾಡಿದ ಕುರ್ಚಿಯ ಜೊತೆ ಮಾತಾಡು, ಸಾಲಿನ ಜೊತೆ ಬೇಡ. ಅವನ ಶರ್ಟಿನ ಬಗ್ಗೆ ಹೇಳಬಹುದು, ಅವನ ಭಾಷೆ, ಜಾತಿ, ಬಣ್ಣದ ಬಗ್ಗೆ ಹೇಳಿದರೆ ಆ ಮಾತು ಅವನಿಗೊಬ್ಬನಿಗೇ ತಗಲುವುದಿಲ್ಲ.

ಹಾಗೆ ನೋಡಿದರೆ 'ಕನ್ನಡದಲ್ಲಿ ಮಾತಾಡಿ' ಎನ್ನುವ ಕೂಗು ಬೆಂಗಳೂರಿನ ಇಂಗ್ಲಿಷ್, ಹಿಂದಿ ಶೋಗಳಲ್ಲೂ ಏಳುತ್ತದೆ. ಇದು ಅಡ್ಡಬಾಯಿಯೋ, ನ್ಯಾಯವಾದ ಬೇಡಿಕೆಯೋ? ಟಿಕೆಟ್ಟಿನ ಮೇಲೆ ಇಂಗ್ಲಿಷ್ ಶೋ ಎಂದು ಬರೆದಿದ್ದರೆ, ಗೊತ್ತಿದ್ದೇ ಬಂದು ಕೂಗುವುದು ಅಡ್ಡಬಾಯಿ. ಊರಿನ ಕಾಲೇಜು ಹಬ್ಬದಲ್ಲಿ, ಮುಕ್ಕಾಲು ಪಾಲು ಕನ್ನಡದ ಮಕ್ಕಳೇ ಕೂತಿರುವ ಕಡೆ ಕೇಳಿದರೆ, ಅದು ಕೇಳಬೇಕಾದದ್ದೇ. ಎರಡು ಸಾಲು ಕನ್ನಡ ಕಲಿತು ಬಂದ ಹೊರಗಿನ ಕಾಮಿಡಿಯನ್‌ಗೆ ಇಲ್ಲಿ ಸಿಗುವ ಪ್ರೀತಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಸುಮ್ಮನೆ ಕೂರುವ ಪ್ರೇಕ್ಷಕ ನಮಗೆ ಹೊಸಬ

ಕತ್ತಲಲ್ಲಿ ಕೈಕಟ್ಟಿ ಕೂತು ನಗುವ ಪ್ರೇಕ್ಷಕ ನಮ್ಮ ಕಡೆ ಮೊದಲಿಂದ ಇದ್ದವನಲ್ಲ. ಕಂಪನಿ ನಾಟಕದಲ್ಲಿ 'ಒನ್ಸ್ ಮೋರ್' ಎಂದು ಕೂಗಿದರೆ ಹಾಡು ಮತ್ತೆ ಹಾಡಲೇಬೇಕಿತ್ತು. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸತ್ತ ಕಥೆಗಳು ಪ್ರತಿ ಕಂಪನಿಯ ಬಗ್ಗೆಯೂ ಇವೆ. ಯಕ್ಷಗಾನದ ಹಾಸ್ಯಗಾರ ದೂತನ ವೇಷದಲ್ಲಿ ಬಂದು ಪುರಾಣದ ನಡುವೆ ಊರಿನ ಪಂಚಾಯ್ತಿ ರಾಜಕೀಯ ಎಳೆದು ತರುತ್ತಾನೆ. ಎದುರು ಕೂತವರ ನಗು ಎಲ್ಲಿ ಏಳುತ್ತದೆ ಎಂದು ನೋಡಿಕೊಂಡೇ ಮಾತು ಬೆಳೆಸುತ್ತಾನೆ.

2019ರಲ್ಲಿ ತೀರಿಹೋದ ಮಾಸ್ಟರ್ ಹಿರಣ್ಣಯ್ಯ ಈ ವಿದ್ಯೆಯಲ್ಲಿ ದೊಡ್ಡವರು. ಅವರ ನಾಟಕದ ಮಾತು ಇವತ್ತು ಇದ್ದ ಹಾಗೆ ನಾಳೆ ಇರುತ್ತಿರಲಿಲ್ಲ. ಅವತ್ತಿನ ಪೇಪರಿನ ಸುದ್ದಿ ಅವತ್ತೇ ವೇದಿಕೆಗೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ರಾಜಕಾರಣಿ ಕೂತಿದ್ದರೆ ಮಾತು ಮೆತ್ತಗಾಗುವ ಬದಲು ಇನ್ನಷ್ಟು ಮೊನಚಾಗುತ್ತಿತ್ತು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಕ್ರೌಡ್ ವರ್ಕ್, ಅಂದರೆ ಎದುರು ಕೂತವರನ್ನೇ ಮಾತಿಗೆಳೆದು ನಗಿಸುವುದು. ಅದಕ್ಕೆ ಆಗ ಹೆಸರಿರಲಿಲ್ಲ, ಅಷ್ಟೇ.

ಆಮೇಲೆ ಬಂದದ್ದು ಹಾಸ್ಯ ಸಂಜೆ. ಗಂಗಾವತಿ ಪ್ರಾಣೇಶ್, ರಿಚರ್ಡ್ ಲೂಯಿಸ್ ಅಂಥವರು ಸಾವಿರಾರು ಜನರ ಮುಂದೆ, ಗಣೇಶನ ಪೆಂಡಾಲಿನಿಂದ ಹಿಡಿದು ಅಮೆರಿಕದ ಕನ್ನಡ ಕೂಟಗಳವರೆಗೆ ಮಾತಾಡಿದವರು. ಪೆಂಡಾಲಿನಲ್ಲಿ ಅಡ್ಡಿ ಮಾಡುವವರು ಪ್ರೇಕ್ಷಕರಲ್ಲ, ಆಯೋಜಕರು. ಸರಿಯಾಗಿ ಪಂಚ್ ಬರುವ ಹೊತ್ತಿಗೆ ಶಾಸಕರು ಬರುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಅದು ಮುಗಿದ ಮೇಲೆ 'ಎಲ್ಲಿಗೆ ಬಂದಿದ್ದೆ' ಎಂದು ಭಾಷಣಕಾರ ಕೇಳುವುದೇ ಒಂದು ಜೋಕ್. ಜಗತ್ತಿನ ಯಾವ ಕಾಮಿಡಿ ಕ್ಲಬ್ಬೂ ಇಂಥ ತರಬೇತಿ ಕೊಡಲಾರದು.

ಈ ಅಭ್ಯಾಸ ಈಗಿನ ಕನ್ನಡ ಸ್ಟ್ಯಾಂಡಪ್‌ನಲ್ಲೂ ಉಳಿದಿದೆ. ಲೋಲ್‌ಬಾಗ್‌ನಂಥ ತಂಡಗಳು ಬೆಂಗಳೂರಿನಲ್ಲಿ ಕನ್ನಡದಲ್ಲೇ ಸ್ಟ್ಯಾಂಡಪ್ ಮಾಡತೊಡಗಿದ ಮೇಲೆ ಒಂದು ವ್ಯತ್ಯಾಸ ಎದ್ದು ಕಂಡಿತು. ಇಂಗ್ಲಿಷ್ ಶೋದಲ್ಲಿ "ನೀವೆಲ್ಲ ಮೈಸೂರು ನೋಡಿದ್ದೀರಿ" ಎಂದರೆ ಜನ ಮುಂದಿನ ಮಾತಿಗೆ ಕಾಯುತ್ತಾರೆ. ಕನ್ನಡ ಶೋದಲ್ಲಿ "ನಮ್ಮೂರೇ ಅದು!" ಎಂದು ಮೂಲೆಯಿಂದ ಉತ್ತರ ಬರುತ್ತದೆ. ಇದನ್ನು ಹೆಕ್ಲಿಂಗ್ ಎಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಮನೆಗೆ ಬಂದವರ ಜೊತೆ ಮಾತಾಡುವ ಹಾಗೆ ಅವರು ಮಾತಾಡುತ್ತಿದ್ದಾರೆ. ಅದಕ್ಕೆ ತಕ್ಕ ಹಾಗೆ ಜೋಕಿನಲ್ಲೇ ಜಾಗ ಬಿಟ್ಟುಕೊಳ್ಳುವುದು ಜಾಣತನ.

ಕೂಗಿಗೂ ಬೆಲೆ ಬಂತು

ಹಾಗಾದರೆ ಕ್ರೌಡ್ ವರ್ಕ್ ಈಗ ಯಾಕೆ ಇಷ್ಟು ಹೆಚ್ಚಾಯಿತು? ಜನ ಬದಲಾದರು ಎನ್ನುವುದಕ್ಕಿಂತ ಲೆಕ್ಕಾಚಾರ ಬದಲಾಯಿತು ಎನ್ನುವುದು ಸರಿ.

ಒಂದು ಗಂಟೆಯ ಒಳ್ಳೆಯ ಶೋ ಕಟ್ಟಲು ವರ್ಷ, ಒಂದೂವರೆ ವರ್ಷ ಬೇಕು. ಐದು ನಿಮಿಷದ ಓಪನ್ ಮೈಕ್ ಸ್ಪಾಟ್‌ಗಳಲ್ಲಿ ಒಂದೊಂದೇ ಸಾಲು ಹೇಳಿ, ಬಿದ್ದದ್ದನ್ನು ಬಿಟ್ಟು, ನಿಂತದ್ದನ್ನು ಉಳಿಸಿಕೊಂಡು ಕಟ್ಟಬೇಕು. ಅದನ್ನು ಯೂಟ್ಯೂಬಿಗೆ ಹಾಕಿದ ದಿನ ಅದು ಸತ್ತ ಹಾಗೆ. ಈ ಮಂದಿಯ ಮಾತಿನಲ್ಲಿ 'ಮೆಟೀರಿಯಲ್ ಬರ್ನ್ ಆಯ್ತು'. ಹಾಡಾದರೆ ಕೇಳಿದಷ್ಟೂ ಇಷ್ಟವಾಗುತ್ತದೆ, ಜೋಕ್ ಹಾಗಲ್ಲ. ಪಂಚ್ ಗೊತ್ತಿದ್ದವನು ಟಿಕೆಟ್ ಕೊಳ್ಳುವುದಿಲ್ಲ.

ಇನ್ನೊಂದು ಕಡೆ ಇನ್‌ಸ್ಟಾಗ್ರಾಮಿಗೆ ವಾರಕ್ಕೆ ಮೂರು ವಿಡಿಯೊ ಬೇಕು, ಇಲ್ಲದಿದ್ದರೆ ಅದು ನಿಮ್ಮನ್ನು ಮರೆಯುತ್ತದೆ. ಈ ಇಕ್ಕಟ್ಟಿನಿಂದ ಪಾರು ಮಾಡಿದ್ದು ಕ್ರೌಡ್ ವರ್ಕ್. ಪ್ರೇಕ್ಷಕರ ಜೊತೆ ಆಡಿದ ಮಾತು ಅವತ್ತಿನದು, ನಾಳೆಯ ಶೋಗೆ ಬೇಕಾಗುವುದಿಲ್ಲ. ಅದನ್ನು ಎಷ್ಟು ಬೇಕಾದರೂ ಹಂಚಬಹುದು. ಅಮೆರಿಕದ ಮ್ಯಾಟ್ ರೈಫ್ 2022ರಲ್ಲಿ ಟಿಕ್‌ಟಾಕ್ ತುಂಬಾ ಇಂಥ ತುಣುಕುಗಳನ್ನು ಹಾಕಿ ದೊಡ್ಡ ಥಿಯೇಟರ್‌ಗಳಿಗೆ ಏರಿದ. 2024ರಲ್ಲಿ ನೆಟ್‌ಫ್ಲಿಕ್ಸಿಗೆ ಬರೀ ಕ್ರೌಡ್ ವರ್ಕ್‌ನದೇ ಒಂದು ಸ್ಪೆಷಲ್ ಮಾಡಿದ. ನಮ್ಮಲ್ಲಿ ಹಿಂದಿಯ ಹರ್ಷ್ ಗುಜ್ರಾಲ್, ಆಶೀಷ್ ಸೋಳಂಕಿ ಅಂಥವರು ಇದೇ ದಾರಿಯಲ್ಲಿ ಮನೆಮಾತಾದರು. ಇವರೆಲ್ಲ ಪ್ರತಿಭಾವಂತರೇ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರುವುದು ನೋಡುವವನಿಗೆ ಸಿಗುವ ಪಾಠದಲ್ಲಿ. ನೂರು ರೀಲ್ ನೋಡಿದವನಿಗೆ ಅರ್ಥವಾಗುವುದು ಇಷ್ಟೇ: ಬಾಯಿ ಬಿಟ್ಟರೆ ಕ್ಯಾಮೆರಾ ನನ್ನ ಕಡೆ ತಿರುಗುತ್ತದೆ. ಅವನು ಮುಂದಿನ ಸಾಲಿಗೆ ಹೆಚ್ಚು ದುಡ್ಡು ಕೊಟ್ಟು ಬರುತ್ತಾನೆ. ಬೈಸಿಕೊಳ್ಳಲೆಂದೇ ಕೂಗುತ್ತಾನೆ. ಹತ್ತು ವರ್ಷ ಪಳಗಿದವನ ಶೋದಲ್ಲಿ ಇದು ನಡೆಯುತ್ತದೆ. ಆದರೆ ಅದೇ ಪ್ರೇಕ್ಷಕ ಮರುವಾರ ಓಪನ್ ಮೈಕಿಗೂ ಹೋಗುತ್ತಾನೆ. ಅಲ್ಲಿ ಮೊದಲ ಸಲ ಮೈಕ್ ಹಿಡಿದ ಹುಡುಗಿಗೆ ಇರುವುದು ನಾಲ್ಕೇ ಜೋಕ್, ಐದೇ ನಿಮಿಷ. ಅವಳಿಗೆ ಬರುವ ಕೂಗು 'ಹಳೇ ಜೋಕು' ಎನ್ನುವಷ್ಟು ಸಭ್ಯವಾಗಿಯೂ ಇರುವುದಿಲ್ಲ. ಬಟ್ಟೆ, ಮೈಕಟ್ಟು, ಮದುವೆ, 'ಸ್ವಲ್ಪ ನಗಿಸಿ ಮೇಡಂ'. ಇದಕ್ಕೆ ಅವಳು ಗಟ್ಟಿಯಾಗಿ ಉತ್ತರಿಸಿದರೆ ಗಯ್ಯಾಳಿ, ನಕ್ಕು ಬಿಟ್ಟರೆ ಅದೇ ಪರವಾನಗಿ. ಗಂಡಸರಿಗೆ ಇರುವ 'ಮೊದಲು ಮೆತ್ತಗೆ, ಆಮೇಲೆ ಜೋರಾಗಿ' ಎನ್ನುವ ಮೆಟ್ಟಿಲುಗಳು ಅವಳಿಗೆ ಇಲ್ಲ. ಅಲ್ಲಿ ಹೋಸ್ಟ್ ಎದ್ದು ನಿಲ್ಲಬೇಕು. ಎಷ್ಟೋ ಕಡೆ ಅವನು ಹಿಂದೆ ನಿಂತು ತನ್ನ ಫೋನ್ ನೋಡುತ್ತಿರುತ್ತಾನೆ.

ಇನ್ನೊಂದು ಸಣ್ಣ ವಿಷಯ. ಮುಂದಿನ ಸಾಲಿನಲ್ಲಿ ಕೂತ ಜೋಡಿಯನ್ನು 'ನೀವಿಬ್ಬರೂ ಏನಾಗಬೇಕು' ಎಂದು ಕೇಳುವುದು ಕ್ರೌಡ್ ವರ್ಕ್‌ನ ಮೊದಲ ಪಾಠ. ಅರವತ್ತು ಜನರ ಕೋಣೆಯಲ್ಲಿ ಕೊಟ್ಟ ಉತ್ತರ ಅರವತ್ತು ಲಕ್ಷ ಜನರ ಫೋನಿಗೆ ಹೋದರೆ? ಬಾಗಿಲಲ್ಲಿ 'ಚಿತ್ರೀಕರಣ ನಡೆಯುತ್ತಿದೆ' ಎಂದು ಒಂದು ಹಾಳೆ ಅಂಟಿಸಿದರೆ ಒಪ್ಪಿಗೆ ಸಿಕ್ಕಿತು ಎಂದು ಬಹಳ ಜನ ಭಾವಿಸಿದ್ದಾರೆ. ಮನೆಯಲ್ಲಿ ಹೇಳದೆ ಬಂದ ಹುಡುಗಿಯ ಮುಖ ಮಸುಕು ಮಾಡಿ ಹಾಕುವ ಕಾಮಿಡಿಯನ್‌ಗಳೂ ಇದ್ದಾರೆ. ಎಲ್ಲರೂ ಹಾಗೆ ಮಾಡಲಿ ಎಂದು ಕೇಳುವುದು ಜಾಸ್ತಿಯೇನಲ್ಲ.

ಶೋ ನೋಡದೆ ಶೋ ನಿಲ್ಲಿಸುವವನು

ಇಲ್ಲಿವರೆಗೆ ಹೇಳಿದ ಯಾವ ವಿದ್ಯೆಯೂ ನಡೆಯದ ಜಾಗ ಒಂದಿದೆ.

2021ರ ಜನವರಿ 1. ಇಂದೋರ್‌ನ ಒಂದು ಕೆಫೆಯಲ್ಲಿ ಕಾಮಿಡಿಯನ್ ಮುನವ್ವರ್ ಫಾರೂಕಿ ಶೋ ಶುರುವಾಗುತ್ತಿದ್ದ ಹಾಗೆ ಒಂದು ಗುಂಪು ವೇದಿಕೆಗೇ ಬಂತು. ಆತ ಕೂಗಾಡಲಿಲ್ಲ. ಅವರ ಜೊತೆ ಸಮಾಧಾನವಾಗಿ ಮಾತಾಡಿದ ವಿಡಿಯೊ ಇವತ್ತಿಗೂ ಇದೆ. ಹೆಕ್ಲರ್ ಬಂದರೆ ಏನು ಮಾಡಬೇಕು ಎಂದು ಹೊಸಬರಿಗೆ ಕಲಿಸುವುದನ್ನೆಲ್ಲ ಆತ ಮಾಡಿದ. ಫಲ? ಅವನನ್ನೇ ಬಂಧಿಸಿದರು. ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವವರೆಗೂ ಜೈಲು.

ಅದೇ ವರ್ಷ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಆತನ ಶೋ ಇತ್ತು. ಆರುನೂರಕ್ಕೂ ಹೆಚ್ಚು ಟಿಕೆಟ್ ಹೋಗಿದ್ದವು ಎಂದು ಆತ ಬರೆದುಕೊಂಡಿದ್ದ. ಸಂಘಟನೆಗಳು ವಿರೋಧಿಸಿದವು. ಕಾನೂನು ಸುವ್ಯವಸ್ಥೆ ಕೆಡಬಹುದು, ಶೋ ಬಿಡಿ ಎಂದು ಪೊಲೀಸರು ಆಯೋಜಕರಿಗೆ ಪತ್ರ ಕೊಟ್ಟರು. ಮರುವರ್ಷ ನವೆಂಬರ್ 10ರಂದು ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ಕಾಮಿಡಿಯನ್ ವೀರ್ ದಾಸ್ ಶೋಗೂ ಇದೇ ಗತಿಯಾಯಿತು. ದೂರು ಬಂತು, ಪ್ರತಿಭಟನೆಯ ಮಾತು ಬಂತು, ಶೋ ರದ್ದಾಯಿತು. ಈ ಎರಡೂ ಸಲ ಸಭಾಂಗಣದೊಳಗೆ ಒಂದು ಮಾತೂ ಆಡಿರಲಿಲ್ಲ. ಆಡದ ಜೋಕಿಗೆ ಬಂದ ಅಡ್ಡಿ ಇದು.

2025 ಇನ್ನೂ ಮುಂದೆ ಹೋಯಿತು. ಫೆಬ್ರವರಿಯಲ್ಲಿ ಸೊಲ್ಲಾಪುರದಲ್ಲಿ ಶೋ ಮುಗಿಸಿದ ಪ್ರಣೀತ್ ಮೋರೆ ಹತ್ತಿರ ಅಭಿಮಾನಿಗಳ ಹಾಗೆ ಫೋಟೊಗೆ ಬಂದ ಗುಂಪೊಂದು ಆತನನ್ನು ಹೊಡೆಯಿತು. ಒಬ್ಬ ಸಿನಿಮಾ ನಟನ ಮೇಲೆ ಜೋಕ್ ಮಾಡಿದ್ದ ಎಂಬುದು ಕಾರಣ. ಆ ನಟ ಹಲ್ಲೆಯನ್ನು ಖಂಡಿಸಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಮಾರ್ಚ್ 23ರ ರಾತ್ರಿ ಮುಂಬೈಯ ಹ್ಯಾಬಿಟ್ಯಾಟ್ ಎಂಬ ಕಾಮಿಡಿ ಶೋ ಜಾಗದ ಮೇಲೆ ಏಕನಾಥ ಶಿಂಧೆ ಬಣದ ಶಿವಸೇನೆಯವರು ದಾಳಿ ಮಾಡಿದರು. ಕಾಮಿಡಿಯನ್ ಕುನಾಲ್ ಕಾಮ್ರಾ ಶಿಂಧೆ ಮೇಲೆ ಮಾಡಿದ ವ್ಯಂಗ್ಯದ ಹಾಡು ಅಲ್ಲಿ ಚಿತ್ರೀಕರಣವಾಗಿತ್ತು, ಅಷ್ಟೇ. ದಾಳಿಯ ಹೊತ್ತಿಗೆ ಕಾಮ್ರಾ ಅಲ್ಲಿರಲೇ ಇಲ್ಲ. ಕುರ್ಚಿ ಮುರಿಯಿತು, ಮರುದಿನ ಮಹಾನಗರ ಪಾಲಿಕೆಯವರು ಬಂದು ಅನಧಿಕೃತ ಎಂದು ಕಟ್ಟಡದ ಒಂದಿಷ್ಟು ಭಾಗ ಒಡೆದರು. ಹ್ಯಾಬಿಟ್ಯಾಟ್ ಸದ್ಯಕ್ಕೆ ಬಾಗಿಲು ಮುಚ್ಚುತ್ತೇವೆ ಎಂದು ಹೇಳಿತು.

ಈ ಪಟ್ಟಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹ್ಯಾಬಿಟ್ಯಾಟ್. ಯಾಕೆಂದರೆ ಅಲ್ಲಿ ಏಟು ಬಿದ್ದದ್ದು ಜೋಕ್ ಹೇಳಿದವನಿಗಲ್ಲ, ಜಾಗ ಕೊಟ್ಟವರಿಗೆ. ಕಾಮ್ರಾನಂಥವನಿಗೆ ಯೂಟ್ಯೂಬ್ ಇದೆ, ವಕೀಲರಿದ್ದಾರೆ, ಮದ್ರಾಸ್ ಹೈಕೋರ್ಟಿನಿಂದ ಮಧ್ಯಂತರ ರಕ್ಷಣೆ ಪಡೆದ. ನೂರು ಕುರ್ಚಿ ಹಾಕಿ, ಬಾಡಿಗೆ ಕಟ್ಟಿ, ದಿನಾ ಹೊಸಬರಿಗೆ ಮೈಕ್ ಕೊಡುವ ಮಾಲೀಕನಿಗೆ ಏನಿದೆ? ಮುಂದಿನ ಸಲ ಅವನು 'ರಾಜಕೀಯ ಬೇಡ, ಧರ್ಮ ಬೇಡ, ಬೇಕಾದರೆ ಟ್ರಾಫಿಕ್ ಬಗ್ಗೆ ಮಾತಾಡಿ' ಎನ್ನುತ್ತಾನೆ. ಅವನನ್ನು ಬೈಯುವುದು ಹೇಗೆ? ನಾವು ನೋಡುವ ಅರ್ಧದಷ್ಟು ಜೋಕ್‌ಗಳು ಟ್ರಾಫಿಕ್, ಪಿಜಿ, ಡೇಟಿಂಗ್ ಆ್ಯಪ್ ಸುತ್ತಲೇ ಗಿರಕಿ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಜೋಕಿನಿಂದ ನೋವಾದವರಿಗೆ ಏನೂ ದಾರಿಯಿಲ್ಲವೇ? ಇದೆ. ಹೊರಗೆ ಪ್ಲಕಾರ್ಡ್ ಹಿಡಿಯಬಹುದು, ಬರೆಯಬಹುದು, ದೂರು ಕೊಡಬಹುದು, ಟಿಕೆಟ್ ವಾಪಸ್ ಕೇಳಬಹುದು. ಹಾಲ್ ಒಳಗೆ ಬಂದು 'ಇದು ಸರಿಯಿಲ್ಲ' ಎಂದು ಕೂಗಿದರೂ ನನಗೆ ತಕರಾರಿಲ್ಲ. ಅದು ಅಡ್ಡಬಾಯಿಯೇ ಇರಬಹುದು, ಆದರೆ ಅದಕ್ಕೆ ಅಲ್ಲೇ ಉತ್ತರವಿದೆ, ಕೆಲವು ಸಲ ಕೂಗಿದವರೇ ಸರಿಯಿರುತ್ತಾರೆ. ಕಾಮಿಡಿಯನ್ ಎಂದ ಮಾತ್ರಕ್ಕೆ ಹೇಳಿದ್ದೆಲ್ಲ ಘನವಾದದ್ದೇನಲ್ಲ. ಬೇರೆಯವರೂ ಕೇಳಬಾರದು ಎಂದು ಬಾಗಿಲು ಹಾಕಿಸುವುದು ಮಾತ್ರ ಇನ್ನೊಂದೇ ವಿಷಯ. ಅಮೆರಿಕದ ಕಾನೂನಿನವರು ಇದಕ್ಕೆ 'ಹೆಕ್ಲರ್ಸ್ ವೀಟೊ' ಎನ್ನುತ್ತಾರೆ. ಗಲಾಟೆ ಮಾಡುತ್ತೇನೆ ಎಂದು ಹೆದರಿಸಿದವನ ಬದಲು ಮಾತಾಡುವವನನ್ನೇ ಸುಮ್ಮನಾಗಿಸುವುದು.

ನಮ್ಮ ಕೋರ್ಟುಗಳು ಈ ವಿಷಯದಲ್ಲಿ ಬಹಳ ಹಿಂದೆಯೇ ಮಾತಾಡಿವೆ. 1989ರ ಎಸ್. ರಂಗರಾಜನ್ ಪ್ರಕರಣದಲ್ಲಿ, ಒಂದು ತಮಿಳು ಸಿನಿಮಾ ವಿಚಾರವಾಗಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆ ಎಂದು ಅಭಿವ್ಯಕ್ತಿಯನ್ನು ಹತ್ತಿಕ್ಕುವ ಹಾಗಿಲ್ಲ, ಹಾಗೆ ಮಾಡಿದರೆ ಅದು ಬ್ಲ್ಯಾಕ್‌ಮೇಲ್‌ಗೆ ಶರಣಾದಂತೆ. ವಿರೋಧಿ ಗುಂಪನ್ನು ಸಂಭಾಳಿಸಲು ಆಗದು ಎಂದು ಸರ್ಕಾರ ಕೈ ಚೆಲ್ಲುವಂತಿಲ್ಲ. 2019ರಲ್ಲಿ ಬಂಗಾಳಿ ಸಿನಿಮಾವೊಂದನ್ನು ಥಿಯೇಟರ್‌ಗಳಿಂದ ಸದ್ದಿಲ್ಲದೆ ತೆಗೆಸಿದ್ದಕ್ಕೆ ಪಶ್ಚಿಮ ಬಂಗಾಳ ಸರ್ಕಾರ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕಾಯಿತು. 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪಗಢಿ ತೀರ್ಪಿನಲ್ಲಿ, ಕವಿತೆ, ನಾಟಕ, ವ್ಯಂಗ್ಯದ ಜೊತೆಗೆ ಸ್ಟ್ಯಾಂಡಪ್ ಕಾಮಿಡಿಯನ್ನೂ ಹೆಸರಿಸಿ, ಇವೆಲ್ಲ ಬದುಕಿಗೆ ಅರ್ಥ ಕೊಡುತ್ತವೆ ಎಂದಿತು ಕೋರ್ಟ್. ಹ್ಯಾಬಿಟ್ಯಾಟ್ ಒಡೆದು ಆಗ ಒಂದು ವಾರವೂ ಆಗಿರಲಿಲ್ಲ.

ತೀರ್ಪು ಹೀಗಿದ್ದರೂ ಠಾಣೆಯ ಲೆಕ್ಕ ಬೇರೆ. ಇನ್‌ಸ್ಪೆಕ್ಟರ್ ಜಾಗದಲ್ಲಿ ನಿಂತು ನೋಡಿ. ಶೋಗೆ ಬಂದೋಬಸ್ತ್ ಕೊಟ್ಟು ಏನಾದರೂ ಆದರೆ ಅವನ ತಲೆದಂಡ. ರದ್ದು ಮಾಡಿಸಿದರೆ ಯಾರೂ ಅವನನ್ನು ಕೇಳುವುದಿಲ್ಲ, ಟಿಕೆಟ್ ತಗೊಂಡ ಆರುನೂರು ಜನ ಠಾಣೆ ಮುಂದೆ ಧರಣಿ ಕೂರುವುದಿಲ್ಲ. ಹಾಗಾಗಿ ಪ್ರತಿ ಸಲ ಅಗ್ಗದ ದಾರಿ ರದ್ದು. ಚಿನ್ನಸ್ವಾಮಿ ಸ್ಟೇಡಿಯಂ ಪಂದ್ಯಕ್ಕೆ, ಗಣೇಶನ ಮೆರವಣಿಗೆಗೆ ನೂರಾರು ಪೊಲೀಸರನ್ನು ಹಾಕುವ ನಗರಕ್ಕೆ ಆರುನೂರು ಕುರ್ಚಿಯ ಒಂದು ಸಭಾಂಗಣ ಕಾಯುವುದು ಶಕ್ತಿಗೆ ಮೀರಿದ್ದು ಎಂದರೆ ನಂಬುವುದು ಕಷ್ಟ.

ಬೇರೆ ಊರು ಮಾಡಿ ತೋರಿಸಿದ್ದೂ ಇದೆ. 2022ರ ಆಗಸ್ಟ್ 20ರಂದು ಅದೇ ಮುನವ್ವರ್ ಫಾರೂಕಿ ಹೈದರಾಬಾದ್‌ನ ಶಿಲ್ಪಕಲಾ ವೇದಿಕೆಯಲ್ಲಿ ಶೋ ಮಾಡಿದ. ಶೋ ನಡೆದರೆ ಹೊಡೆಯುತ್ತೇವೆ ಎಂದು ಶಾಸಕ ಟಿ. ರಾಜಾ ಸಿಂಗ್ ಬಹಿರಂಗವಾಗಿ ಹೇಳಿದ್ದರು. ಪೊಲೀಸರು ಅವರನ್ನೇ ಹಿಂದಿನ ದಿನ ವಶಕ್ಕೆ ತಗೊಂಡರು, ಸಭಾಂಗಣದ ಸುತ್ತ ಕಾವಲು ಹಾಕಿದರು. ಶೋ ನಡೆಯಿತು. ಅದರ ಸಿಟ್ಟಿಗೆ ಶಾಸಕರು ಎರಡು ದಿನದ ಮೇಲೆ ಹಾಕಿದ ವಿಡಿಯೊದಲ್ಲಿ ಪ್ರವಾದಿಯ ಬಗ್ಗೆ ಮಾತಾಡಿದರು, ಊರಲ್ಲಿ ಪ್ರತಿಭಟನೆ ಎದ್ದಿತು, ಅವರು ಬಂಧನಕ್ಕೊಳಗಾದರು, ಅವರ ಪಕ್ಷವೇ ಅವರನ್ನು ಅಮಾನತು ಮಾಡಿತು. ನೋಡಿ, ಶೋ ನಡೆಸಿದ್ದಕ್ಕೆ ಊರು ಹೊತ್ತಿತು ಎಂದು ಇದನ್ನು ತೋರಿಸಿ ವಾದಿಸುವವರಿದ್ದಾರೆ. ಆದರೆ ಆ ವಿಡಿಯೊ ಮಾಡಿದ್ದು ಕಾಮಿಡಿಯನ್ ಅಲ್ಲ. ಹೈದರಾಬಾದ್ ಪೊಲೀಸರು ಬೆದರಿಸಿದವರನ್ನು ತಡೆದರು, ಬೆಂಗಳೂರು ಪೊಲೀಸರು ಬೆದರಿಕೆಗೆ ಗುರಿಯಾದವನನ್ನು ತಡೆದಿದ್ದರು. ಎರಡು ಊರುಗಳ ನಡುವೆ ಆರುನೂರು ಕಿಲೋಮೀಟರ್ ಕೂಡ ಇಲ್ಲ, ಕಾನೂನಂತೂ ಒಂದೇ.